ಇನ್ನೊಂದು ಕುದಿ

ಆಲ್ದೂರು
೧೧ ಜೂನ್ ೨೦೨೪

ಪೂಜ್ಯ ಅಯ್ಯನವರಿಗೆ, ಕರ್ತನಲ್ಲಿ ವಂದನೆಗಳು.

ಫೋನಿನಲ್ಲಿ ಮಾತಾಡಿದರೆ ನಿಮಗೆ ಕಿವಿ ಕೇಳಿಸುವುದಿಲ್ಲ. ನಾನು ಕಿರುಚಿದರೆ ನನ್ನ ಟೈಲರ್ ಅಂಗಡಿ ಮುಂದೆ ಬಸ್ಸಿಗೆ ಕಾಯುವವರಿಗೆಲ್ಲ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ಕಳಸದ ಬಸ್ಸಿನ ಕಂಡಕ್ಟರ್ ಧರ್ಮೇಶನ ಕೈಯಲ್ಲಿ ಕೊಡುತ್ತಿದ್ದೇನೆ. ನಿಮ್ಮ ಮಗಳು ರಂಜಿತಾ ಸ್ಟ್ಯಾಂಡಿನಲ್ಲಿ ಇಸಿದುಕೊಳ್ಳಲಿ.

ನನಗೆ ಸನ್ಮಾನ ಆಯಿತು ಅಯ್ಯ. ಈ ತಿಂಗಳ ಮೊದಲ ಭಾನುವಾರ, ಚರ್ಚಿನಲ್ಲಿ ಕರ್ತನ ಭೋಜನದ ಆರಾಧನೆ ಮುಗಿದ ಮೇಲೆ, ನಿಮ್ಮ ಜಾಗಕ್ಕೆ ಪಾದ್ರಿಯಾಗಿ ಬಂದಿರುವ ಶಶಿಧರ್ ಅಯ್ಯನವರು ನನ್ನನ್ನು ಮುಂದಕ್ಕೆ ಕರೆದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. "ಎಸ್ತೇರಮ್ಮನವ್ರು ಇಷ್ಟು ವರ್ಷ ನಮ್ಮ ಸಭೆಗೆ ಕರ್ತನ ಮೇಜಿನ ರೊಟ್ಟಿ ಸುಟ್ಟು, ದ್ರಾಕ್ಷಾರಸ ಮಾಡಿ ಕೊಟ್ಟಿದ್ದಾರೆ. ಇನ್ನು ಅವ್ರಿಗೆ ವಿಶ್ರಾಂತಿ ಕೊಡೋಣ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ನಾನೂ ತಟ್ಟಿಬಿಟ್ಟೆ. ಆಮೇಲೆ, "ಮುಂದಿನ ತಿಂಗಳಿಂದ ಸುಕನ್ಯಾ ಈ ಸೇವೆ ನೋಡ್ಕೋತಾರೆ" ಅಂದರು.

ವಿಶ್ರಾಂತಿ ಬೇಕೆಂದು ನಾನು ಯಾರನ್ನು ಕೇಳಿದ್ದೆ? ನನ್ನ ಗಂಡ ಸತ್ತ ವಾರವೂ ರೊಟ್ಟಿ ಸುಟ್ಟವಳು ನಾನು. ಅವರ ಮಣ್ಣಿನ ಪ್ರಾರ್ಥನೆ ಮಾಡಿದವರು ನೀವೇ, ನಿಮಗೆ ನೆನಪಿರಬೇಕು.

ಈ ಸುಕನ್ಯಾ ನಿಮಗೆ ಗೊತ್ತಿಲ್ಲ. ನೀವು ನಿವೃತ್ತರಾಗಿ ಹೋದ ಮೇಲೆ ಬಂದವಳು. ಹುಟ್ಟಿ ಬೆಳೆದದ್ದು ಕುದುರೆಮುಖ. ಗಣಿ ಕಂಪನಿ ನಿಂತು ಊರು ಖಾಲಿಯಾದಾಗ ಇನ್ನೂ ಶಾಲೆಗೆ ಹೋಗುತ್ತಿದ್ದಳಂತೆ. ಈಗ ಗಂಡ ಇಲ್ಲೇ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಅವಳು ಹಾಡಿದರೆ ಜನ ಕಣ್ಣು ಮುಚ್ಚಿ ಕೇಳುತ್ತಾರೆ. ಭಾನುವಾರ ಶಾಲೆಯ ಮಕ್ಕಳು ಅವಳ ಸೆರಗು ಬಿಡುವುದಿಲ್ಲ. ಬ್ಲೌಸನ್ನು ಚಿಕ್ಕಮಗಳೂರಿನಲ್ಲಿ ಹೊಲಿಸುತ್ತಾಳೆ. ಅವಳ ಹಿಂದಿನ ಬೆಂಚಿನಲ್ಲಿ ಕೂತು ಆ ಹೊಲಿಗೆಯಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಹೊಟ್ಟೆಕಿಚ್ಚು ಅಯ್ಯ, ಬೇರೇನೂ ಅಲ್ಲ. ಮುಚ್ಚಿಟ್ಟು ಏನು ಪ್ರಯೋಜನ? ಕಾಯಿನ ಮತ್ತು ಅವನ ತಮ್ಮ ಇಬ್ಬರೂ ಕಾಣಿಕೆ ತಂದರು, ದೇವರು ತಮ್ಮನದನ್ನು ಮಾತ್ರ ಮೆಚ್ಚಿದ ಎಂದು ನೀವು ಪ್ರಸಂಗ ಮಾಡಿದ್ದಿರಿ. ತಮ್ಮನನ್ನು ಕೊಂದದ್ದು ಪಾಪ, ಒಪ್ಪಿದೆ. ಕೊಲ್ಲುವುದಕ್ಕೆ ಮುಂಚೆ ಅವನು ಮಾಡಿದ್ದೇನು? ಮುಖ ಬಾಡಿಸಿಕೊಂಡ, ಅಷ್ಟೇ. ಅದೂ ಪಾಪವೇ? ದೇವರು ಕೂಡ ತನ್ನದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವವನಲ್ಲ ಎಂದು ಹೇಳಿಕೊಂಡಿದ್ದಾನಲ್ಲ. ದೇವರಿಗೇ ಆ ಕಿಚ್ಚು ಇರಬಹುದಾದರೆ ನನಗೆ ಯಾಕೆ ಇರಬಾರದು?

ಉತ್ತರ ಬರೆಯಿರಿ. ಬೆದರಿಸಬೇಡಿ.

ನಿಮ್ಮ ಸಭೆಯ ಮಗಳು,
ಎಸ್ತೇರಮ್ಮ


ಕಳಸ
೧೭ ಜೂನ್ ೨೦೨೪

ಪ್ರಿಯ ಎಸ್ತೇರಮ್ಮನಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಇಲ್ಲಿ ಭದ್ರೆ ಕೆಂಪಾಗಿ ಹರಿಯುತ್ತಿದ್ದಾಳೆ. ನನ್ನ ಮಂಡಿ ನೋವು ಹಾಗೇ ಇದೆ.

ದೇವರ ರೋಷ ತನ್ನ ಜನ ಹಾಳಾಗಬಾರದು ಎಂಬುದು. ನಿನ್ನ ರೋಷ ಸುಕನ್ಯಾ ಹಾಳಾಗಲಿ ಎಂಬುದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ. ಮುಖ ಬಾಡುವುದು ಪಾಪವಲ್ಲ, ಆದರೆ ಪಾಪ ಬಾಗಿಲಲ್ಲಿ ಹೊಂಚಿ ಕೂತಿದೆ ಎಂದು ದೇವರು ಕಾಯಿನನಿಗೆ ಆಗಲೇ ಎಚ್ಚರಿಸಿದ್ದ. ಆ ಹುಡುಗಿಗಾಗಿ ದಿನವೂ ಪ್ರಾರ್ಥನೆ ಮಾಡು. ಯಾರಿಗಾಗಿ ಪ್ರಾರ್ಥಿಸುತ್ತೇವೋ ಅವರನ್ನು ಬಹಳ ದಿನ ದ್ವೇಷಿಸಲು ಆಗುವುದಿಲ್ಲ.

ಅದಿರಲಿ, ಶಶಿಧರರು ಪ್ರಸಂಗ ಹೇಗೆ ಮಾಡುತ್ತಾರೆ? ಎಷ್ಟು ಹೊತ್ತು? ಗಿಟಾರ್ ತರುತ್ತಾರೆ ಎಂದು ಯಾರೋ ಹೇಳಿದರು. ಪ್ರಸಂಗಪೀಠಕ್ಕೆ ಹತ್ತದೆ ಕೆಳಗೇ ನಿಂತು ಮಾತಾಡುತ್ತಾರಂತೆ, ಹೌದೇ? ಆ ಪೀಠವನ್ನು ನಾನು ಬೀಟೆ ಮರದಲ್ಲಿ ಮಾಡಿಸಿದ್ದು. ಪಾಲಿಶ್ ಹೋಗಿದೆಯೋ ನೋಡಿ ತಿಳಿಸು. ಬೈಬಲ್ ತರಗತಿಗೆ ಜನ ಬರುತ್ತಾರೋ? ನನ್ನ ಕಾಲದಷ್ಟು ಬರಲಿಕ್ಕಿಲ್ಲ.

ನನಗೂ ಶಾಲು ಹೊದಿಸಿಯೇ ಕಳಿಸಿದ್ದರು. ರಂಜಿತಾ ಅದನ್ನು ಮಿಕ್ಸಿಯ ಮೇಲೆ ಮುಚ್ಚಿದ್ದಾಳೆ.

ಇಂತು,
ಜ್ಞಾನರತ್ನ


ಆಲ್ದೂರು
೯ ಜುಲೈ ೨೦೨೪

ಅಯ್ಯನವರಿಗೆ ವಂದನೆಗಳು.

ಪೀಠಕ್ಕೆ ಪಾಲಿಶ್ ಇದೆ. ಪ್ರಸಂಗ ಚಿಕ್ಕದು. ಈಗ ನನ್ನದನ್ನು ಕೇಳಿ.

ಹೊಂಚಿ ಕೂತದ್ದು ಒಳಗೇ ಬಂತು.

ನಮ್ಮಲ್ಲಿ ದ್ರಾಕ್ಷಾರಸ ಎಂದರೆ ಒಣದ್ರಾಕ್ಷಿ ನೆನೆಸಿ, ಕುದಿಸಿ, ಶೋಧಿಸಿದ ರಸ ತಾನೇ. ಬಹಳ ಮೊದಲೇ ಮಾಡಿಟ್ಟರೆ ಅದು ಕೆಡುತ್ತದೆ. ಮಳೆಗಾಲದಲ್ಲಂತೂ ಶನಿವಾರ ಸಂಜೆಗಿಂತ ಮುಂಚೆ ಮಾಡಬಾರದು, ಭಾನುವಾರ ಬೆಳಿಗ್ಗೆ ಮತ್ತೊಂದು ಕುದಿ ಕೊಡಬೇಕು. ಇಲ್ಲದಿದ್ದರೆ ಈ ತೇವದ ಹವೆಗೆ ಹುಳಿ ಬಂದು ನೊರೆ ಏಳುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೆಡಿಸಿ ಕೆಡಿಸಿಯೇ ಕಲಿತೆ.

ಗುರುವಾರ ಸುಕನ್ಯಾ ಅಂಗಡಿಗೆ ಬಂದಳು. ಕೊಡೆ ಮಡಚಿ ಹೊರಗಿಟ್ಟು, ಬ್ಯಾಗಿನಿಂದ ಬಾಟಲಿ ತೆಗೆದಳು. ಬಿರಡೆ ಬಿಗಿಯಾಗಿ ಹಾಕಿದ್ದಳು.

"ಕುದುರೆಮುಖದಲ್ಲಿ ನಮ್ಗೆ ಮಂಗ್ಳೂರಿಂದ ರೆಡಿ ಬರ್ತಿತ್ತು ಅಕ್ಕ, ಮಾಡಿ ಗೊತ್ತಿಲ್ಲ. ಇವತ್ತೇ ಮಾಡಿಟ್ಟೆ, ನೋಡಿ. ಸರಿ ಇದ್ಯಾ? ಇನ್ನೇನಾದ್ರೂ ಮಾಡ್ಬೇಕಾ?"

ನಾನು ಬಾಟಲಿಯನ್ನು ಬೆಳಕಿಗೆ ಹಿಡಿದೆ. "ಬಣ್ಣ ಚೆನ್ನಾಗಿ ಬಂದಿದೆ" ಅಂದೆ.

ಬಣ್ಣ ನಿಜವಾಗಿಯೂ ಚೆನ್ನಾಗಿತ್ತು ಅಯ್ಯ. ಸುಳ್ಳು ಹೇಳಲಿಲ್ಲ. ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ನಾನು ಮೆಷಿನ್ ತುಳಿಯತೊಡಗಿದೆ. ಹೋದಳು.

ಭಾನುವಾರ ಆ ಬಿರಡೆ ತೆಗೆದದ್ದು ಹಿಂದಿನ ಬೆಂಚಿಗೂ ಕೇಳಿಸಿತು. ಪಾತ್ರೆಯಲ್ಲಿ ನೊರೆ. ಹೆಂಡದ ಅಂಗಡಿಯ ವಾಸನೆ. ಮೊದಲ ಸಾಲಿನವರು ಒಂದು ಗುಟುಕಿಗೇ ಮುಖ ಹಿಂಡಿದರು. ಹಿರಿಯರೊಬ್ಬರು, "ಇದೇನು ಮಾರಾಯ, ಅಬಕಾರಿಯವ್ರು ಬಂದಾರು" ಅಂದರು. ಹುಡುಗರು ನಕ್ಕರು. ಕರ್ತನ ಮೇಜಿನ ಎದುರು ನಗು!

ಉಳಿದದ್ದನ್ನು ಚೆಲ್ಲುವ ಹಾಗಿಲ್ಲವಲ್ಲ, ಅಯ್ಯನವರೇ ಕುಡಿದು ಮುಗಿಸಬೇಕು. ಶಶಿಧರ್ ಅಯ್ಯನವರು ಬೆನ್ನು ತಿರುಗಿಸಿ ಅಷ್ಟನ್ನೂ ಕುಡಿದರು. ಸೋಮವಾರವೆಲ್ಲ ಹೊಟ್ಟೆ ಹಿಡಿದುಕೊಂಡು ಮಲಗಿದ್ದರಂತೆ.

ಸುಕನ್ಯಾ ಅಳಲಿಲ್ಲ. ಮೇಜಿನ ಬಟ್ಟೆ ಮಡಚಿದಳು, ಪಾತ್ರೆ ತೊಳೆದಳು, ನನ್ನ ಹತ್ತಿರ ಬಂದು, "ನಂಗೆ ಬರಲ್ಲ ಅಕ್ಕ. ಇದು ನಿಮ್ಮ ಕೈಗೇ ಸರಿ" ಎಂದು ಪಾತ್ರೆಗಳಿಡುವ ಪೆಟ್ಟಿಗೆಯ ಬೀಗದ ಕೈ ಕೊಟ್ಟು ಹೋದಳು. ಬೇಕಾದದ್ದು ಸಿಕ್ಕಿತು. ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಒಂದು ಗಳಿಗೆ ಆಯಿತು ಕೂಡ, ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ. ಮನೆಗೆ ಬಂದ ಮೇಲೆ ಅನ್ನ ಸೇರಲಿಲ್ಲ.

ಬಾಯಿ ಮುಚ್ಚಿಕೊಂಡಿರುವುದೂ ಪಾಪವೇ? ಅವಳಿಗೆ ಹೇಳಲೇ, ಬೇಡವೇ? ಬೇಗ ತಿಳಿಸಿ.

ಎಸ್ತೇರಮ್ಮ


ಕಳಸ
೧೦ ಜುಲೈ ೨೦೨೪

ಎಸ್ತೇರಮ್ಮ,

ಧರ್ಮೇಶ ವಾಪಸು ಹೋಗುವ ಬಸ್ಸಿನಲ್ಲೇ ಇದನ್ನು ಕಳಿಸುತ್ತಿದ್ದೇನೆ. ಹೇಳಬೇಡ. ಆದದ್ದು ಆಗಿಹೋಯಿತು. ದೇವರಿಗೆ ತಿಳಿದಿದೆ, ಅದು ಸಾಕು. ಸಣ್ಣ ಸಭೆ, ಹೇಳಿದರೆ ಎರಡು ಪಕ್ಷ ಆಗುತ್ತದೆ. ಸಭೆಯ ಸಮಾಧಾನ ದೊಡ್ಡದು. ನೀನು ಪ್ರಾರ್ಥನೆಯಲ್ಲಿ ಒಪ್ಪಿಕೊಂಡು ಸೇವೆ ಮುಂದುವರಿಸು.

ಎಲ್ಲವನ್ನೂ ಕುಡಿದರೇ? ಪಾಪ. ನಾನಾಗಿದ್ದರೆ ಆರಾಧನೆಗೆ ಮುಂಚೆ ಪಕ್ಕದ ಕೋಣೆ ವೆಸ್ಟ್ರಿಯಲ್ಲೇ ಒಮ್ಮೆ ಮೂಸಿ ನೋಡುತ್ತಿದ್ದೆ. ಅನುಭವ ಎನ್ನುವುದು ಇದಕ್ಕೇ. ಗಿಟಾರ್ ಬಾರಿಸಿದರೆ ಬರುವುದಿಲ್ಲ. ಜನ ಏನೆನ್ನುತ್ತಿದ್ದಾರೆ? ನನ್ನನ್ನು ಯಾರಾದರೂ ನೆನೆದರೋ? ವಿವರವಾಗಿ ಬರೆ.

ಜ್ಞಾನರತ್ನ


ಆಲ್ದೂರು
೬ ಆಗಸ್ಟ್ ೨೦೨೪

ಅಯ್ಯನವರಿಗೆ ವಂದನೆಗಳು.

ನೀವು ಹೇಳಿದ ಹಾಗೆ ನಡೆದುಕೊಂಡೆ. ಮೊನ್ನೆ ಭಾನುವಾರದ ರೊಟ್ಟಿ, ರಸ ಎರಡೂ ನನ್ನವೇ. ಬಾಗಿಲಲ್ಲಿ ನನ್ನ ಕೈ ಹಿಡಿದು, "ಹೋದ ಜೀವ ಬಂದ ಹಾಗಾಯ್ತು ಎಸ್ತೇರಮ್ಮ, ನಿಮ್ಮ ಕೈ ಬೇಕು ನಮ್ಗೆ" ಅಂದವರು ಎಷ್ಟು ಮಂದಿ! ಸುಕನ್ಯಾ ಕೊನೆಯ ಬೆಂಚಿನಲ್ಲಿದ್ದಳು. ಹಾಡಿಗೆ ಎದ್ದು ನಿಂತಳು, ಬಾಯಿ ತೆರೆಯಲಿಲ್ಲ. ಅವಳಿಲ್ಲದೆ ಹಾಡು ಬೋಳಾಗಿತ್ತು.

ನಾನು ಮೇಜಿಗೆ ಹೋಗಲಿಲ್ಲ. ಎಲ್ಲರೂ ಸಾಲಾಗಿ ಹೋಗಿ ನನ್ನ ಕೈಯ ರೊಟ್ಟಿ ತಿಂದು ಬಂದರು. ನಾನು ಮಂಡಿ ನೋವು ಎಂದು ಕೂತೇ ಇದ್ದೆ. ಮಂಡಿ ನೋವು ನಿಮ್ಮಿಂದ ಕಡ ತಂದದ್ದು.

ಇನ್ನೊಂದು ಮಾತು. ಹೇಳಬಾರದು, ಆದರೂ ಹೇಳುತ್ತೇನೆ. ನಿಮ್ಮ ಹಿಂದಿನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಹನ್ನೊಂದು ವರ್ಷ ನಮಗೆ ಬೋಧಿಸಿದ ಅಯ್ಯ ಬರೆದದ್ದು ಅನಿಸಲಿಲ್ಲ. ಜ್ವರ ಬಂದವನ ಹಣೆ ಮುಟ್ಟಿದರೆ ಇನ್ನೊಬ್ಬ ಜ್ವರದವನಿಗೆ ಬಿಸಿ ಗೊತ್ತಾಗುವುದಿಲ್ಲ. ನಿಮಗೂ ನನ್ನ ಕಾಯಿಲೆಯೇ ಅಯ್ಯ. ನನ್ನದು ಸುಕನ್ಯಾ, ನಿಮ್ಮದು ಶಶಿಧರ್ ಅಯ್ಯನವರು. ಅವರಿಗೆ ಹೊಟ್ಟೆ ಕೆಟ್ಟದ್ದು ನಿಮಗೆ ಹಿತವಾಗಿದೆ. ನಾನು ಹೇಳದೆ ಇದ್ದರೆ ತಪ್ಪು ಅವರ ತಲೆಯ ಮೇಲೇ ಇರುತ್ತದೆ.

ತಪ್ಪಾಗಿದ್ದರೆ ಕ್ಷಮಿಸಿ. ತಪ್ಪಾಗಿಲ್ಲ ಎಂದೇ ನನಗೆ ಅನಿಸುತ್ತದೆ.

ಎಸ್ತೇರಮ್ಮ


ಆಲ್ದೂರು
೨೭ ಆಗಸ್ಟ್ ೨೦೨೪

ಅಯ್ಯ,

ಧರ್ಮೇಶನನ್ನು ದಿನಾ ಕೇಳುತ್ತಿದ್ದೇನೆ. "ಇಲ್ಲ ಎಸ್ತೇರಕ್ಕ, ಕಳಸದಿಂದ ಇವತ್ತೂ ಬಾಳೆಗೊನೆ ಮಾತ್ರ" ಅನ್ನುತ್ತಾನೆ. ಸಿಟ್ಟು ಬಂದಿದ್ದರೆ ಬೈದು ಬರೆಯಿರಿ. ಆರೋಗ್ಯ ತಾನೇ?

ಎಸ್ತೇರಮ್ಮ


ಕಳಸ
೯ ಸೆಪ್ಟೆಂಬರ್ ೨೦೨೪

ಪ್ರಿಯ ಎಸ್ತೇರಮ್ಮ,

ಸಿಟ್ಟು ಬಂದಿತ್ತು. ನಿನ್ನ ಕಾಗದ ಹರಿದು ಒಲೆಗೆ ಹಾಕಿದೆ. ಒಂದು ಅಕ್ಷರವೂ ಮರೆಯಲಿಲ್ಲ. ಒಬ್ಬ ಟೈಲರ್ ಹೆಂಗಸು ನನಗೆ ಬುದ್ಧಿ ಹೇಳುವುದೇ ಎಂದುಕೊಂಡೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಮಾಡಿದವನು ಯಾವನೋ ನಿವೃತ್ತ ಪಾದ್ರಿಯನ್ನು ನೋಡಿರಬೇಕು.

ನೀನು ಬರೆದದ್ದು ನಿಜ. ಆ ಹುಡುಗ ಹೊಟ್ಟೆ ಹಿಡಿದುಕೊಂಡು ಮಲಗಿದ ಸುದ್ದಿ ಓದಿ ನಾನು ಆ ಮಧ್ಯಾಹ್ನ ಎರಡನೇ ಸಲ ಅನ್ನ ಹಾಕಿಸಿಕೊಂಡೆ. ರಂಜಿತಾಗೆ ಆಶ್ಚರ್ಯವಾಯಿತು. ಇಲ್ಲಿಗೆ ಬಂದ ಮೇಲೆ ನಾನು ಒಂದು ಭಾನುವಾರವೂ ಆರಾಧನೆಗೆ ಹೋಗಿಲ್ಲ. ಮಂಡಿ ಎನ್ನುತ್ತೇನೆ. ಮಾರ್ಕೆಟ್ಟಿಗೆ ನಡೆದು ಹೋಗುವ ಮಂಡಿಯೇ ಅದು. ಇನ್ನೊಬ್ಬನು ಮೇಲೆ ನಿಂತು ಮಾತಾಡುವಾಗ ಕೆಳಗೆ ಕೂತು ಕೇಳುವುದು ನನ್ನಿಂದ ಆಗುತ್ತಿಲ್ಲ.

ನಿನಗೆ ಕೊಟ್ಟ ಬುದ್ಧಿವಾದವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸಭೆಯ ಸಮಾಧಾನ ಅಂದೆ. ಅದು ಸಮಾಧಾನವಲ್ಲ, ಬಿರಡೆ ಬಿಗಿದ ಬಾಟಲಿ. ಅವಳು ಕೇಳಿದಳು, ನಿನಗೆ ಗೊತ್ತಿತ್ತು, ನೀನು ಹೇಳಲಿಲ್ಲ. ಒಳ್ಳೆಯದು ಯಾವುದೆಂದು ಬಲ್ಲವಳು ಅದನ್ನು ಮಾಡದೆ ಬಿಟ್ಟರೆ ಅದು ಪಾಪವೇ. ಇದನ್ನು ನಾನು ಜುಲೈನಲ್ಲೇ ಬರೆಯಬೇಕಿತ್ತು.

ಮೇಜಿಗೆ ಹೋಗಲಿಲ್ಲ ಎಂದು ಬರೆದಿದ್ದೀಯ. ಆ ಭಯ ಹುಟ್ಟಿಸಿದವನು ನಾನೇ. ಮನಸ್ಸು ಶುದ್ಧವಿಲ್ಲದೆ ಬರಬೇಡಿ ಎಂದು ಎಷ್ಟು ಸಲ ಗುಡುಗಿದ್ದೆ! ಈ ತಿಂಗಳು ಕೂತು ಕರ್ತನ ಕಡೆಯ ಭೋಜನದ ರಾತ್ರಿಯ ಕಥೆಯನ್ನು ಮತ್ತೆ ಓದಿದೆ. ಕರ್ತನು ರೊಟ್ಟಿ ಮುರಿದು ಕೊಟ್ಟ, ಪಾತ್ರೆ ಕೊಟ್ಟ. ಅದೇ ಮೇಜಿನಲ್ಲಿ, ಬಾಯಿ ಒರೆಸಿಕೊಳ್ಳುವ ಮೊದಲೇ, ಶಿಷ್ಯರು ತಮ್ಮೊಳಗೆ ಯಾರು ದೊಡ್ಡವನು ಎಂದು ಜಗಳ ತೆಗೆದರು. ನಲವತ್ತು ವರ್ಷ ಪ್ರಸಂಗ ಮಾಡಿದೆ, ಆ ಜಗಳದ ಮಾತು ಬಂದಾಗ ಮುಂದಕ್ಕೆ ದಾಟಿಸುತ್ತಿದ್ದೆ. ಅವನು ಅವರನ್ನು ಎಬ್ಬಿಸಿ ಕಳಿಸಲಿಲ್ಲ ಎಸ್ತೇರಮ್ಮ. ಹೊಟ್ಟೆಕಿಚ್ಚಿನವರು ಬರಬಾರದು ಎಂದಾಗಿದ್ದರೆ ಆ ರಾತ್ರಿ ಅವನು ಒಬ್ಬನೇ ಊಟ ಮಾಡಬೇಕಿತ್ತು.

ಆದ್ದರಿಂದ ಮೇಜಿಗೆ ಹೋಗು. ಆದರೆ ಮೊದಲು ಅವಳ ಮನೆಗೆ ಹೋಗು. ನಿನ್ನ ಮೇಲೆ ನಿನ್ನ ಸಹೋದರಿಗೆ ಏನಾದರೂ ದೂರು ಇದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವಳ ಹತ್ತಿರ ಹೋಗಬೇಕು ಎಂಬುದು ನಿನಗೆ ಗೊತ್ತಿರುವ ಮಾತೇ. ನಿನ್ನ ಮೇಲೆ ಯಾವ ದೂರು ಇರಬೇಕೆಂದು ಸುಕನ್ಯಾಗೇ ಗೊತ್ತಿಲ್ಲ, ಅದು ಇನ್ನೂ ಕೆಟ್ಟದ್ದು.

ನಿನ್ನ ಕಾಯಿಲೆಯವನೇ ಆದ,
ಜ್ಞಾನರತ್ನ


ಆಲ್ದೂರು
೨ ಅಕ್ಟೋಬರ್ ೨೦೨೪

ಅಯ್ಯನವರಿಗೆ ವಂದನೆಗಳು.

ಹೋಗಿದ್ದೆ. ಕಾಗದ ಬಂದ ತಕ್ಷಣ ಹೋದೆ ಎಂದು ತಿಳಿಯಬೇಡಿ, ಇಷ್ಟು ದಿನ ನೆಪ ಹುಡುಕಿದೆ. ನೆಪಗಳೆಲ್ಲ ಮುಗಿದ ಮೇಲೆ ನಿನ್ನೆ ಎಸ್ಟೇಟ್ ಕೂಲಿಯವರ ಲೈನ್ ಮನೆಗಳ ಹತ್ತಿರ ಇರುವ ಅವಳ ಮನೆಗೆ ನಡೆದೆ.

ಕಾಫಿ ಕೊಟ್ಟಳು. ನಾನು ಲೋಟ ಕೆಳಗಿಟ್ಟು ಹೇಳಿದೆ. ಎರಡನೇ ಕುದಿಯ ವಿಷಯ, ಶನಿವಾರದ ವಿಷಯ, ನನಗೆ ಗೊತ್ತಿದ್ದೂ ಬಣ್ಣ ಚೆನ್ನಾಗಿದೆ ಅಂದದ್ದು, ಎಲ್ಲ. "ಹೊಟ್ಟೆಕಿಚ್ಚಿಗೆ ಮಾಡ್ದೆ ಕಣಮ್ಮ" ಅಂದೆ.

ಅವಳು ತನ್ನ ಲೋಟವನ್ನೂ ಕೆಳಗಿಟ್ಟಳು. ಆಮೇಲೆ, "ಗೊತ್ತಿದ್ದೂ?" ಅಂದಳು.

"ಹೂಂ."

"ನಾನೇನಂದ್ಕೊಂಡಿದ್ದೆ ಗೊತ್ತಾ ಅಕ್ಕ? ನನ್ನ ಕೈಯಿಂದ ಬಂದಿದ್ದು ದೇವ್ರಿಗೇ ಬೇಡ ಅಂದ್ಕೊಂಡಿದ್ದೆ. ಮೂರು ತಿಂಗ್ಳಿಂದ ಹಾಡಿಲ್ಲ ನಾನು. ಮಗು ಹಾಡು ಅಂದ್ರೂ ಹಾಡಿಲ್ಲ. ನಾನೇ ಏನೋ ತಪ್ಪು ಮಾಡಿದೀನಿ, ಅದಕ್ಕೇ ಹಂಗಾಯ್ತು ಅಂತ, ಏನು ತಪ್ಪು ಅಂತ ದಿನಾ ಹುಡುಕ್ತಿದ್ದೆ."

ನಾನು ಕಾಯಿನ ಎಂದುಕೊಂಡಿದ್ದೆ ಅಯ್ಯ. ದೇವರು ಕಾಣಿಕೆ ಮೆಚ್ಚಲಿಲ್ಲ ಎಂದು ಮುಖ ಬಾಡಿಸಿಕೊಂಡು ಕೂತವಳು ಅವಳು. ದೇವರ ಹೆಸರಿನಲ್ಲಿ ಅವಳ ಕಾಣಿಕೆ ತಳ್ಳಿದವಳು ನಾನು.

ಕ್ಷಮಿಸು ಅಂದೆ. "ಈಗ ಆಗಲ್ಲ" ಅಂದಳು. "ನೀವು ಹೋಗಿ ಅಕ್ಕ." ಬಾಗಿಲು ಹಾಕಿಕೊಂಡಳು. ಜೋರಾಗಿ ಹಾಕಿದ್ದರೆ ಚೆನ್ನಾಗಿತ್ತು, ಮೆಲ್ಲಗೆ ಹಾಕಿದಳು.

ವಾಪಸು ಬರುವಾಗ ಶಶಿಧರ್ ಅಯ್ಯನವರ ಮನೆಗೂ ಹೋಗಿ ಹೇಳಿದೆ. ನೀವು ಅಂದುಕೊಂಡ ಹಾಗಲ್ಲ ಅವರು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಕ್ಕರು, ಆಮೇಲೆ ನಗು ನಿಂತಿತು. "ನಿಮ್ಮನ್ನ ಕೇಳದೆ ಶಾಲು ಹೊದಿಸಿದ್ದು ನನ್ನ ತಪ್ಪು" ಅಂದರು. ಸೇವೆ ಮತ್ತೆ ಸುಕನ್ಯಾಗೇ ಕೊಡಿ ಅಂದೆ. ಇವತ್ತು ಬೆಳಿಗ್ಗೆ ಕೇಳಿದರಂತೆ, ಅವಳು ಬೇಡ ಅಂದಳಂತೆ. ಈ ಭಾನುವಾರದ ರೊಟ್ಟಿ ನನ್ನ ತಲೆಗೇ ಬಿದ್ದಿದೆ. ಹಿಟ್ಟು ನೋಡಿದರೆ ಅಳು ಬರುತ್ತದೆ.

ಎಸ್ತೇರಮ್ಮ


ಕಳಸ
೪ ಅಕ್ಟೋಬರ್ ೨೦೨೪

ಎಸ್ತೇರಮ್ಮ,

ಭಾನುವಾರ ಧರ್ಮೇಶನ ಮೊದಲ ಬಸ್ಸಿಗೆ ಬರುತ್ತೇನೆ. ಯಾರಿಗೂ ಹೇಳಬೇಡ. ಶಾಲು ಗೀಲು ತಂದರೆ ಅದೇ ಬಸ್ಸಿಗೆ ವಾಪಸು ಹೋಗುತ್ತೇನೆ.

ಜ್ಞಾನರತ್ನ


ಕಳಸ
೮ ಅಕ್ಟೋಬರ್ ೨೦೨೪

ಪ್ರಿಯ ಎಸ್ತೇರಮ್ಮ,

ಕ್ಷೇಮವಾಗಿ ತಲುಪಿದೆ. ಭಾನುವಾರ ನಿನ್ನ ಹತ್ತಿರ ಮಾತಾಡಲು ಆಗಲಿಲ್ಲ, ಜನ ಸುತ್ತಿಕೊಂಡರು. ನಾನು ಅದಕ್ಕೆ ಖುಷಿಯೂ ಪಟ್ಟೆ. ಹಳೆಯ ರೋಗ.

ನಾನು ನೋಡಿದ್ದನ್ನು ಬರೆಯುತ್ತೇನೆ. ಸುಕನ್ಯಾ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಜನ ಮೇಜಿಗೆ ಎದ್ದರು, ಅವಳು ಏಳಲಿಲ್ಲ. ನೀನು ಎದ್ದೆ, ಮುಂದಕ್ಕೆ ಬರದೆ ಹಿಂದಕ್ಕೆ ಹೋಗಿ ಅವಳ ಪಕ್ಕ ಕೂತೆ. ಅವಳು ಸ್ವಲ್ಪ ಆಚೆ ಸರಿದಳು. ನೀನು ಅಲ್ಲೇ ಇದ್ದೆ. ನಾನು ಮಾಡಿದ ಪ್ರಸಂಗಗಳಲ್ಲಿ ಯಾವುದಕ್ಕೂ ಅಷ್ಟು ಅರ್ಥ ಇರಲಿಲ್ಲ.

ನಾನು ಕೊನೆಯವನಾಗಿ ಹೋಗಿ ಮಂಡಿಯೂರಿದೆ. ಮಂಡಿ ಬಗ್ಗಿತು. ಶಶಿಧರ ನನ್ನ ಅಂಗೈ ಮೇಲೆ ತುಂಡು ಇಟ್ಟ. ಆರಾಧನೆ ಮುಗಿದ ಮೇಲೆ ವೆಸ್ಟ್ರಿಯಲ್ಲಿ, "ಹಳೇ ಅಯ್ಯ ಹಿಂಗೆ ಮಾಡ್ತಿರ್ಲಿಲ್ಲ ಅಂತ ಜನ ಅನ್ನೋದನ್ನ ದಿನಾ ಕೇಳ್ತೀನಿ ಅಯ್ಯ, ನೀವಂದ್ರೆ ನಂಗೆ ಸಿಟ್ಟಿತ್ತು" ಅಂದ. ಇಬ್ಬರೂ ನಕ್ಕೆವು. ಪೀಠದ ಪಾಲಿಶ್ ಹೋಗಿದೆ. ನೀನು ಸುಳ್ಳು ಬರೆದಿದ್ದೆ. ಇರಲಿ.

ಅವಳು ಕ್ಷಮಿಸದೆ ಇರಬಹುದು. ಅದು ಅವಳದು. ನೀನು ಕೇಳಿದ್ದೀಯ, ಇನ್ನು ಕಾಯುವುದು ನಿನ್ನ ಕೆಲಸ.

ಜ್ಞಾನರತ್ನ


ಆಲ್ದೂರು
೫ ನವೆಂಬರ್ ೨೦೨೪

ಪೂಜ್ಯ ಅಯ್ಯನವರಿಗೆ ವಂದನೆಗಳು.

ಶನಿವಾರ ಸಂಜೆ ಅಂಗಡಿ ಮುಚ್ಚುತ್ತಿದ್ದೆ. ಸುಕನ್ಯಾ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಗೋಧಿಹಿಟ್ಟು, ಒಣದ್ರಾಕ್ಷಿ. ನಮಸ್ಕಾರವಿಲ್ಲ, ನಗುವಿಲ್ಲ.

"ಹೇಳ್ಕೊಡಿ. ಈ ಸಲ ಪೂರ್ತಿ."

ಹೇಳಿಕೊಟ್ಟೆ. ಹಿಟ್ಟಿಗೆ ಬಿಸಿನೀರು ಎಷ್ಟು, ಉಪ್ಪು ಯಾವಾಗ, ಕಾವಲಿ ಕಾದದ್ದು ಹೇಗೆ ತಿಳಿಯುವುದು, ರಸ ಯಾವ ಬಟ್ಟೆಯಲ್ಲಿ ಶೋಧಿಸುವುದು, ಒಂದನ್ನೂ ಬಿಡಲಿಲ್ಲ. ಅವಳು ಮಾಡಿದಳು, ನಾನು ಕೈ ಕಟ್ಟಿ ಕೂತೆ. ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಯ್ಯ! ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೊರಡುವಾಗ, "ಬೆಳಿಗ್ಗೆ ಇನ್ನೊಂದು ಕುದಿ, ಅಲ್ವಾ?" ಅಂದಳು. "ಮರೀಬೇಡ" ಅಂದೆ.

ಭಾನುವಾರ ಅವಳು ಮೇಜಿಗೆ ಹೋದಳು. ಆಮೇಲೆ ಹಾಡು ಶುರುವಾಯಿತು. ಮೊದಲು ಬೇರೆಯವರದು, ಸ್ವಲ್ಪ ಹೊತ್ತಿನ ಮೇಲೆ ಅವಳದೂ ಸೇರಿತು. ನಾನು ಎದ್ದು ಹೋಗಿ ಮಂಡಿಯೂರಿದೆ. ಜೂನಿನಿಂದ ಈಚೆಗೆ ಮೊದಲ ಸಲ.

ಪ್ರಾರ್ಥನೆ ಮಾಡಿದರೆ ಹೊಟ್ಟೆಕಿಚ್ಚು ಹೋಗುತ್ತದೆ ಎಂದು ನೀವು ಮೊದಲ ಕಾಗದದಲ್ಲಿ ಬರೆದಿದ್ದಿರಿ. ಹೋಗಿಲ್ಲ ಅಯ್ಯ, ಸುಳ್ಳು ಯಾಕೆ ಹೇಳಲಿ? ಶಶಿಧರ್ ಅಯ್ಯನವರು ಅಂಗೈ ಮೇಲೆ ತುಂಡು ಇಟ್ಟರು. ಬೆರಳಿಗೇ ಗೊತ್ತಾಯಿತು. ಇಪ್ಪತ್ತೆರಡು ವರ್ಷ ಸುಟ್ಟರೂ ನನ್ನ ರೊಟ್ಟಿ ಅಷ್ಟು ಮೆತ್ತಗೆ ಒಂದು ಸಲವೂ ಬಂದಿರಲಿಲ್ಲ. ಆ ಕಿಚ್ಚು ಮತ್ತೆ ಎದ್ದಿತು.

ತಿಂದೆ.

ನಿಮ್ಮ ಸಭೆಯ ಮಗಳು,
ಎಸ್ತೇರಮ್ಮ